ಕ್ಲಾಸ್ ಎ, ಬಿ, ಸಿ: ನಿಮ್ಮ ನೆಟ್‌ವರ್ಕ್‌ಗೆ ಯಾವ ಐಪಿ ವಿಳಾಸ ಸರಿ?

ನೆಟ್‌ವರ್ಕ್ ಪಾಠ ಶುರುವಾದ ಮೊದಲ ವಾರದಲ್ಲೇ ಈ ಪಟ್ಟಿ ಎದುರಾಗುತ್ತದೆ: ಕ್ಲಾಸ್ ಎ, ಬಿ, ಸಿ, ಡಿ, ಇ. ಬಾಯಿಪಾಠ ಮಾಡುವುದೇನೂ ಕಷ್ಟವಲ್ಲ. ಕಷ್ಟ ಶುರುವಾಗುವುದು ಕೆಲಸಕ್ಕೆ ಇಳಿದ ಮೇಲೆ. ನೂರೈವತ್ತು ಕಂಪ್ಯೂಟರ್ ಇರುವ ಕಚೇರಿಗೆ ಐಪಿ ಪ್ಲಾನ್ ಮಾಡಿಕೊಡಿ ಎಂದರೆ ಎಲ್ಲಿಂದ ಶುರು ಮಾಡುವುದು? ಕ್ಲಾಸ್ ಸಿ ಸಾಕಾ? ಮುಂದಿನ ವರ್ಷ ಕಂಪ್ಯೂಟರ್ ಮುನ್ನೂರಾದರೆ ಕ್ಲಾಸ್ ಬಿಗೆ ಹೋಗಬೇಕಾ? 10ರಿಂದ ಶುರುವಾಗುವ ವಿಳಾಸ ದೊಡ್ಡ ಕಂಪನಿಗಳಿಗೆ ಮಾತ್ರ ಅಂತಾರಲ್ಲ, ಅದು ನಿಜವಾ?

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನೆಟ್‌ವರ್ಕ್ ಎಷ್ಟು ದೊಡ್ಡದು ಎಂಬುದನ್ನು ಇವತ್ತು ಕ್ಲಾಸ್ ತೀರ್ಮಾನಿಸುವುದಿಲ್ಲ, ಸಬ್‌ನೆಟ್ ಮಾಸ್ಕ್ ತೀರ್ಮಾನಿಸುತ್ತದೆ. ಮಾಸ್ಕ್ ಎಂದರೆ ವಿಳಾಸದಲ್ಲಿ ನೆಟ್‌ವರ್ಕ್ ಭಾಗ ಎಲ್ಲಿಗೆ ಮುಗಿಯುತ್ತದೆ ಎಂದು ತೋರಿಸುವ ಸಂಖ್ಯೆ. 1993ರಲ್ಲೇ ಕ್ಲಾಸ್ ಪದ್ಧತಿಯನ್ನು ಬಿಟ್ಟು ಮುಂದೆ ಹೋಗುವ ನಿಯಮ ಬಂದಾಗಿದೆ. ನೀವು ನಿಜವಾಗಿ ಆರಿಸಬೇಕಿರುವುದು ಎರಡೇ ವಿಷಯ. ಖಾಸಗಿ ವಿಳಾಸಗಳ (ಮನೆ, ಕಚೇರಿಯ ಒಳಗೆ ಮಾತ್ರ ಬಳಸುವಂಥವು) ಮೂರು ಗುಂಪುಗಳಲ್ಲಿ ಯಾವುದು, ಮತ್ತು ಅದರಲ್ಲಿ ಎಷ್ಟು ದೊಡ್ಡ ತುಂಡು. ಹಾಗಂತ ಕ್ಲಾಸ್ ಕಲಿಯುವುದು ದಂಡವಲ್ಲ. ಆ ಮೂರು ಗುಂಪುಗಳು ಹುಟ್ಟಿದ್ದೇ ಕ್ಲಾಸ್‌ಗಳಿಂದ. ಅದನ್ನು ತಿಳಿಯದೆ ಆರಿಸಿದರೆ ಎಲ್ಲಿ ಎಡವುತ್ತೇವೆ ಎಂಬುದೂ ಗೊತ್ತಾಗುವುದಿಲ್ಲ.

ಕ್ಲಾಸ್ ಎಂದರೆ ಮೊದಲ ಕೆಲವು ಬಿಟ್‌ಗಳು, ಅಷ್ಟೇ

ಐಪಿ ವಿಳಾಸ, ಅಂದರೆ ನಾವು ದಿನಾ ನೋಡುವ ನಾಲ್ಕನೇ ಆವೃತ್ತಿಯದು, 32 ಬಿಟ್‌ಗಳ ಒಂದು ಸಂಖ್ಯೆ. ಓದಲು ಸುಲಭವಾಗಲಿ ಎಂದು ಅದನ್ನು ಎಂಟೆಂಟು ಬಿಟ್‌ಗಳ ನಾಲ್ಕು ಆಕ್ಟೆಟ್ ಮಾಡಿ, ನಡುವೆ ಚುಕ್ಕೆ ಇಟ್ಟು ಬರೆಯುತ್ತೇವೆ. ಈ 32 ಬಿಟ್‌ಗಳಲ್ಲಿ ಮೊದಲ ಭಾಗ ಯಾವ ನೆಟ್‌ವರ್ಕ್ ಎಂದು ಹೇಳುತ್ತದೆ. ಉಳಿದ ಭಾಗ ಆ ನೆಟ್‌ವರ್ಕ್‌ನಲ್ಲಿ ಯಾವ ಸಾಧನ ಎಂದು ಹೇಳುತ್ತದೆ. ಎರಡರ ನಡುವಿನ ಗೆರೆ ಎಲ್ಲಿ ಬೀಳಬೇಕು? ಕ್ಲಾಸ್‌ಗಳ ಕಥೆಯೆಲ್ಲ ಇದೊಂದೇ ಪ್ರಶ್ನೆಯ ಸುತ್ತ ಇದೆ.

1980ರ ಆರಂಭದ ನಿಯಮದಲ್ಲಿ ಗೆರೆ ಒಂದೇ ಕಡೆ ಇತ್ತು: ಮೊದಲ 8 ಬಿಟ್ ನೆಟ್‌ವರ್ಕ್, ಉಳಿದ 24 ಬಿಟ್ ಸಾಧನ. ಅಂದರೆ ಇಡೀ ಜಗತ್ತಿಗೆ ಇನ್ನೂರೈವತ್ತು ಚಿಲ್ಲರೆ ನೆಟ್‌ವರ್ಕ್. ದೊಡ್ಡ ಕಂಪ್ಯೂಟರ್‌ಗಳನ್ನು ಜೋಡಿಸುವ ಕೆಲವೇ ಜಾಲಗಳಿದ್ದ ಕಾಲಕ್ಕೆ ಅದು ಸಾಕಿತ್ತು. ಆದರೆ ಕಟ್ಟಡಕ್ಕೊಂದು ಲೋಕಲ್ ನೆಟ್‌ವರ್ಕ್ ಬರುವ ಕಾಲ ಹತ್ತಿರದಲ್ಲೇ ಇತ್ತು. 1981ರ ಸೆಪ್ಟೆಂಬರ್‌ನಲ್ಲಿ ಜಾನ್ ಪೋಸ್ಟೆಲ್ ಸಂಪಾದಿಸಿದ ಆರ್‌ಎಫ್‌ಸಿ 791 ಬಂತು (ಆರ್‌ಎಫ್‌ಸಿ ಎಂದರೆ ಇಂಟರ್‌ನೆಟ್ ನಿಯಮಗಳನ್ನು ಬರೆದಿಡುವ ದಾಖಲೆ). ಅದರಲ್ಲಿ ಗೆರೆಗೆ ಮೂರು ಜಾಗ ಕೊಟ್ಟರು. ಅವೇ ಎ, ಬಿ, ಸಿ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ಜಾಣತನ ಒಂದಿದೆ. ಗೆರೆ ಎಲ್ಲಿದೆ ಎಂದು ಬೇರೆ ಕಡೆ ಬರೆದಿಡಬೇಕಿಲ್ಲ. ವಿಳಾಸದ ಮೊದಲ ಬಿಟ್‌ಗಳೇ ಅದನ್ನು ಹೇಳುತ್ತವೆ. ಮೊದಲ ಬಿಟ್ 0 ಆಗಿದ್ದರೆ ಕ್ಲಾಸ್ ಎ, ಗೆರೆ 8 ಬಿಟ್ ಆದ ಮೇಲೆ. ಮೊದಲ ಎರಡು ಬಿಟ್ 10 ಆಗಿದ್ದರೆ ಬಿ, ಗೆರೆ 16 ಆದ ಮೇಲೆ. ಮೊದಲ ಮೂರು 110 ಆಗಿದ್ದರೆ ಸಿ, ಗೆರೆ 24 ಆದ ಮೇಲೆ. ಆಗಿನ ರೂಟರ್‌ಗಳಿಗೆ ಮೆಮೊರಿ ಕಡಿಮೆ, ವೇಗವೂ ಕಡಿಮೆ. ಎರಡು ಮೂರು ಬಿಟ್ ನೋಡಿದರೆ ಸಾಕು, ನೆಟ್‌ವರ್ಕ್ ಭಾಗ ಸಿಕ್ಕಿಬಿಡುತ್ತಿತ್ತು. ಮಾಸ್ಕ್ ಎಂಬ ಇನ್ನೊಂದು ಸಂಖ್ಯೆಯನ್ನು ಹೊತ್ತು ತಿರುಗುವ ಅಗತ್ಯವೇ ಇರಲಿಲ್ಲ.

| ಕ್ಲಾಸ್ | ಮೊದಲ ಬಿಟ್‌ಗಳು | ಮೊದಲ ಆಕ್ಟೆಟ್ | ನೆಟ್‌ವರ್ಕ್‌ಗಳು | ಒಂದೊಂದರಲ್ಲಿ ಸಾಧನಗಳು |
|---|---|---|---|---|
| ಎ | 0 | 1–126 | 126 | 1,67,77,214 |
| ಬಿ | 10 | 128–191 | 16,384 | 65,534 |
| ಸಿ | 110 | 192–223 | 20,97,152 | 254 |
| ಡಿ | 1110 | 224–239 | ಮಲ್ಟಿಕಾಸ್ಟ್‌ಗೆ | – |
| ಇ | 1111 | 240–255 | ಕಾದಿರಿಸಿದ್ದು | – |

128, 192, 224, 240 ಎಂದು ಉರು ಹೊಡೆಯಬೇಡಿ. ಎಂಟು ಬಿಟ್‌ಗಳಲ್ಲಿ ಎಡಗಡೆಯ ಒಂದನ್ನು ಮಾತ್ರ 1 ಮಾಡಿದರೆ 128. ಎರಡನ್ನು ಮಾಡಿದರೆ 192. ಮೂರಾದರೆ 224, ನಾಲ್ಕಾದರೆ 240. ಕ್ಲಾಸ್‌ಗಳ ಗಡಿ ಬೇರೆ ಎಲ್ಲಿಂದಲೂ ಬಂದಿಲ್ಲ. ಇದು ತಲೆಗೆ ಹೋದರೆ ಮಾಸ್ಕ್ ಲೆಕ್ಕವೂ ಅರ್ಧ ಕಲಿತಂತೆಯೇ, ಏಕೆಂದರೆ ಮಾಸ್ಕ್‌ಗಳಲ್ಲಿ ಬರುವುದೂ ಇವೇ ಸಂಖ್ಯೆಗಳು.

ಪಟ್ಟಿಯಲ್ಲಿ 0 ಮತ್ತು 127 ಯಾಕಿಲ್ಲ? 0 ವಿಶೇಷ ಬಳಕೆಗೆ ಮೀಸಲು. 127 ಇರುವುದು ಕಂಪ್ಯೂಟರ್ ತನ್ನ ಜೊತೆ ತಾನೇ ಮಾತಾಡಲು. 127.0.0.1 ಎಲ್ಲರಿಗೂ ಗೊತ್ತು. ಆದರೆ ಅದರ ಹಿಂದೆ 127ರಿಂದ ಶುರುವಾಗುವ ಒಂದು ಕೋಟಿ ಅರವತ್ತೇಳು ಲಕ್ಷಕ್ಕೂ ಜಾಸ್ತಿ ವಿಳಾಸಗಳು ಹೀಗೇ ಮೀಸಲಾಗಿ ಕೂತಿವೆ. ಇನ್ನು ಸಾಧನಗಳ ಲೆಕ್ಕದಲ್ಲಿ ಯಾವಾಗಲೂ ಎರಡು ಕಡಿಮೆ ಇರುತ್ತದೆ. ಸಿ ನೆಟ್‌ವರ್ಕ್‌ನಲ್ಲಿ 256 ವಿಳಾಸಗಳಿದ್ದರೂ ಮೊದಲನೆಯದು ನೆಟ್‌ವರ್ಕ್‌ನದೇ ಹೆಸರು, ಕೊನೆಯದು ಎಲ್ಲರಿಗೂ ಒಟ್ಟಿಗೆ ಕಳಿಸುವ ಬ್ರಾಡ್‌ಕಾಸ್ಟ್. ಕೈಗೆ ಉಳಿಯುವುದು 254.

ಎ, ಬಿ, ಸಿ ನಿಜವಾದ ಆಯ್ಕೆಯಾಗಿದ್ದಾಗ

ಮೊದಲ ಬಿಟ್ 0 ಇರುವ ವಿಳಾಸಗಳು ಒಟ್ಟು ವಿಳಾಸಗಳಲ್ಲಿ ಸರಿಯಾಗಿ ಅರ್ಧ. ಇರುವುದು ಸುಮಾರು 429 ಕೋಟಿ ವಿಳಾಸ. ಅದರಲ್ಲಿ ಅರ್ಧವನ್ನು ಬರೀ 126 ನೆಟ್‌ವರ್ಕ್‌ಗಳಿಗೆ ಹಂಚುವ ಲೆಕ್ಕ ಇದು. ಕಾಲು ಭಾಗ ಬಿಗೆ. ಎಂಟನೇ ಒಂದು ಭಾಗ ಮಾತ್ರ ಸಿಗೆ. ಮೊದಮೊದಲು ಕೇಳಿದವರಿಗೆ ಕೈಬಿಚ್ಚಿ ಕೊಟ್ಟರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹತ್ತಿರ 36ರಿಂದ ಶುರುವಾಗುವ ಇಡೀ ಕ್ಲಾಸ್ ಎ ಇತ್ತು. ಅವರು 2000ದಲ್ಲಿ ಅದನ್ನು ವಾಪಸ್ ಕೊಟ್ಟರು. ಎಲ್ಲರೂ ಹಾಗೆ ಕೊಡಲಿಲ್ಲ.

ಈಗ ಆ ಕಾಲದ ಒಬ್ಬ ನೆಟ್‌ವರ್ಕ್ ನೋಡಿಕೊಳ್ಳುವವರ ಜಾಗದಲ್ಲಿ ನಿಂತು ನೋಡಿ. ನಿಮ್ಮಲ್ಲಿ 500 ಕಂಪ್ಯೂಟರ್ ಇವೆ. ಕ್ಲಾಸ್ ಸಿ ತೆಗೆದುಕೊಂಡರೆ 254ಕ್ಕೇ ಮುಗಿಯಿತು. ಕ್ಲಾಸ್ ಬಿ ತೆಗೆದುಕೊಂಡರೆ 65,534 ವಿಳಾಸದಲ್ಲಿ ಅರವತ್ತೈದು ಸಾವಿರ ಸುಮ್ನೆ ಕೊಳೆಯುತ್ತವೆ, ಬೇರೆಯವರಿಗೂ ಸಿಗುವುದಿಲ್ಲ. ಎರಡು ಮೂರು ಸಿ ತೆಗೆದುಕೊಳ್ಳೋಣ ಎಂದರೆ ಪ್ರತಿಯೊಂದಕ್ಕೂ ಜಗತ್ತಿನ ದೊಡ್ಡ ರೂಟರ್‌ಗಳಲ್ಲಿ ಒಂದೊಂದು ಸಾಲು ಬೇಕು. ಅತ್ತ ದರಿ, ಇತ್ತ ಪುಲಿ. ಬಹಳ ಸಂಸ್ಥೆಗಳು ಬಿ ಕೇಳಿದವು. ಇದ್ದದ್ದೇ 16,384. ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಬಿ ಮುಗಿಯುವ ಭಯ ಒಂದು ಕಡೆ, ರೂಟರ್‌ಗಳ ಆ ಸಾಲುಗಳ ಪಟ್ಟಿ, ಅಂದರೆ ರೂಟಿಂಗ್ ಟೇಬಲ್, ಊದಿಕೊಳ್ಳುವ ಭಯ ಇನ್ನೊಂದು ಕಡೆ.

ಪರಿಹಾರ ಎರಡು ಹಂತದಲ್ಲಿ ಬಂತು. 1985ರ ಆರ್‌ಎಫ್‌ಸಿ 950 ಸಬ್‌ನೆಟ್ ಮಾಡುವ ರೀತಿಯನ್ನು ಗಟ್ಟಿ ಮಾಡಿತು. ಹೊರಗಿನವರಿಗೆ ಒಂದೇ ಕ್ಲಾಸ್ ಬಿ ಕಾಣುತ್ತದೆ, ಒಳಗೆ ನೀವು ಅದನ್ನು ತುಂಡು ಮಾಡಿಕೊಳ್ಳಬಹುದು. ಮಾಸ್ಕ್ ಬಳಕೆ ಇಲ್ಲಿಂದ ಗಟ್ಟಿಯಾಯಿತು. 1993ರ ಸೆಪ್ಟೆಂಬರ್‌ನಲ್ಲಿ ಸೈಡರ್ (CIDR), ಅಂದರೆ ಕ್ಲಾಸ್ ಇಲ್ಲದ ಪದ್ಧತಿ, ಬಂತು. ಆಗ ಗೆರೆಯನ್ನು ಮೂರು ಜಾಗಕ್ಕೆ ಕಟ್ಟಿಹಾಕುವುದೇ ನಿಂತಿತು.

ಕ್ಲಾಸ್ ಪದ್ಧತಿಯೋ, ಸೈಡರೋ?

ಇದು ಆಯ್ಕೆಯೇ ಅಲ್ಲ ಎಂದು ಅನಿಸಬಹುದು. ಹೊಸ ನೆಟ್‌ವರ್ಕ್‌ಗೆ ಸೈಡರ್ ಬಿಟ್ಟು ಬೇರೆ ದಾರಿ ನೋಡಬೇಡಿ ಎಂದೇ ನಾನೂ ಹೇಳುವುದು. ಆದರೆ ವ್ಯತ್ಯಾಸ ಎಲ್ಲಿದೆ ಎಂದು ಒಂದು ಸಲ ಹತ್ತಿರದಿಂದ ನೋಡುವುದು ಒಳ್ಳೆಯದು.

ಸೈಡರ್‌ನಲ್ಲಿ ವಿಳಾಸದ ಪಕ್ಕ ಒಂದು ಓರೆಗೆರೆ ಹಾಕಿ ನೆಟ್‌ವರ್ಕ್ ಭಾಗದಲ್ಲಿ ಎಷ್ಟು ಬಿಟ್ ಎಂದು ಬರೆಯುತ್ತೇವೆ. /24 ಎಂದರೆ ಮಾಸ್ಕ್ 255.255.255.0. ಮೇಲಿನ 500 ಕಂಪ್ಯೂಟರ್‌ಗೆ /23 ಸಾಕು, ಅದರಲ್ಲಿ 510 ಸಾಧನ ಹಿಡಿಯುತ್ತವೆ. ಅರವತ್ತೈದು ಸಾವಿರ ಹಾಳಾಗುವ ಕಡೆ ಹತ್ತು ಮಿಕ್ಕಿತು, ಅಷ್ಟೇ.

ಒಂದು ವಿಳಾಸ ತೆಗೆದುಕೊಳ್ಳೋಣ: 172.20.45.130/26. ಕ್ಲಾಸ್ ಲೆಕ್ಕದಲ್ಲಿ ಇದು ಬಿ, ನೆಟ್‌ವರ್ಕ್ 172.20.0.0. ಸೈಡರ್ ಲೆಕ್ಕದಲ್ಲಿ? 26 ಬಿಟ್ ಎಂದರೆ ಮೊದಲ ಮೂರು ಆಕ್ಟೆಟ್ ಪೂರ್ತಿ, ನಾಲ್ಕನೆಯದರಲ್ಲಿ ಎರಡು ಬಿಟ್. ಮಾಸ್ಕ್‌ನ ಕೊನೆಯ ಆಕ್ಟೆಟ್ 11000000, ಅಂದರೆ 192. ವಿಳಾಸದ ಕೊನೆಯ ಆಕ್ಟೆಟ್ 130, ಬಿಟ್‌ಗಳಲ್ಲಿ 10000010. ಎರಡನ್ನೂ ಮೇಲೆ ಕೆಳಗೆ ಇಟ್ಟು, ಎರಡರಲ್ಲೂ 1 ಇರುವ ಕಡೆ ಮಾತ್ರ 1 ಉಳಿಸಿಕೊಳ್ಳಿ. ಸಿಗುವುದು 10000000, ಅಂದರೆ 128. ಹಾಗಾಗಿ ನೆಟ್‌ವರ್ಕ್ 172.20.45.128. ಉಳಿದ ಆರು ಬಿಟ್‌ಗಳನ್ನೂ 1 ಮಾಡಿದರೆ 191, ಅದು ಬ್ರಾಡ್‌ಕಾಸ್ಟ್. ಸಾಧನಗಳಿಗೆ 129ರಿಂದ 190, ಒಟ್ಟು 62. ಪ್ರತಿ ಪ್ಯಾಕೆಟ್ (ಕಳಿಸುವ ಮಾಹಿತಿಯ ಒಂದೊಂದು ತುಂಡು) ಹೊರಡುವ ಮುಂಚೆ ನಿಮ್ಮ ಕಂಪ್ಯೂಟರ್ ಮಾಡುವ ಲೆಕ್ಕದ ತಿರುಳು ಇದೇ. ಎದುರಿನವರು ನನ್ನ ನೆಟ್‌ವರ್ಕ್‌ನಲ್ಲೇ ಇದ್ದಾರಾ, ಅಥವಾ ಗೇಟ್‌ವೇಗೆ, ಅಂದರೆ ಹೊರಗೆ ದಾಟಿಸುವ ರೂಟರ್‌ಗೆ, ಕೊಡಬೇಕಾ ಎಂದು.

ಸೈಡರ್‌ನ ಇನ್ನೊಂದು ಲಾಭ ಜೋಡಿಸುವುದು. 192.168.4.0, 5.0, 6.0, 7.0 ಈ ನಾಲ್ಕು /24ಗಳನ್ನು ಒಟ್ಟಿಗೆ 192.168.4.0/22 ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಆದರೆ 5.0ರಿಂದ 8.0ರವರೆಗಿನ ನಾಲ್ಕನ್ನು ಹಾಗೆ ಜೋಡಿಸಲಾಗದು. ನಾಲ್ಕರ ಗುಂಪು ನಾಲ್ಕರಿಂದ ಭಾಗವಾಗುವ ಸಂಖ್ಯೆಯಿಂದಲೇ ಶುರುವಾಗಬೇಕು. ಎಂಟರದು ಎಂಟರಿಂದ. ಪ್ಲಾನ್ ಮಾಡುವಾಗ ಇದು ನೆನಪಿದ್ದರೆ ಮುಂದೆ ರೂಟರ್‌ನಲ್ಲಿ ಬರೆಯುವ ಸಾಲುಗಳು ಎಷ್ಟೋ ಕಡಿಮೆಯಾಗುತ್ತವೆ.

ಹಳೆಯ ಕ್ಲಾಸ್ ಬುದ್ಧಿ ಇನ್ನೂ ಎಲ್ಲಿ ಕಚ್ಚುತ್ತದೆ ಗೊತ್ತಾ? ವಿಂಡೋಸ್‌ನ ಹಳೆಯ ಐಪಿ ಸೆಟ್ಟಿಂಗ್ ಕಿಟಕಿಯಲ್ಲಿ ಕೈಯಾರೆ 10.20.30.5 ಎಂದು ಬರೆದು ಮಾಸ್ಕ್ ಜಾಗಕ್ಕೆ ಹೋಗಿ. 255.0.0.0 ತಾನೇ ಬಂದು ಕೂರುತ್ತದೆ. ಅದು ಕ್ಲಾಸ್ ಎ ಮಾಸ್ಕ್. ಗಮನಿಸದೆ ಓಕೆ ಒತ್ತಿದರೆ ಇಂಟರ್‌ನೆಟ್ ಬರುತ್ತದೆ, ಪಕ್ಕದ ಕಂಪ್ಯೂಟರ್ ಸಿಗುತ್ತದೆ, ಎಲ್ಲ ಸರಿ ಇದೆ ಅನಿಸುತ್ತದೆ. ಇನ್ನೊಂದು ಶಾಖೆಯ 10.50.1.10 ಸರ್ವರ್ ಮಾತ್ರ ಸಿಗುವುದಿಲ್ಲ. ಯಾಕೆಂದರೆ ಈ ಕಂಪ್ಯೂಟರ್ ಪ್ರಕಾರ 10ರಿಂದ ಶುರುವಾಗುವ ಎಲ್ಲವೂ ಇದೇ ಕೋಣೆಯಲ್ಲಿದೆ. ಅದು ಗೇಟ್‌ವೇ ಕಡೆ ತಿರುಗಿಯೂ ನೋಡದೆ, ಲೋಕಲ್ ನೆಟ್‌ವರ್ಕ್‌ನಲ್ಲೇ 10.50.1.10 ಯಾರು ಎಂದು ಕೂಗುತ್ತಾ ಕೂರುತ್ತದೆ. ಇಂಟರ್‌ನೆಟ್ ಇದೆ, ಶಾಖೆ ಇಲ್ಲ ಎಂಬ ದೂರು ಬಂದರೆ ಮೊದಲು ಮಾಸ್ಕ್ ನೋಡಿ.

ರೂಟರ್‌ಗಳಲ್ಲಿ ಇದಕ್ಕಿಂತ ಕೆಟ್ಟದಾಗಿ ಕಚ್ಚುತ್ತದೆ. ಯಾವ ನೆಟ್‌ವರ್ಕ್ ಎಲ್ಲಿದೆ ಎಂದು ರೂಟರ್‌ಗಳು ಪರಸ್ಪರ ತಿಳಿಸಿಕೊಳ್ಳುವ ಪ್ರೋಟೋಕಾಲ್‌ಗಳಿವೆ. ಅವುಗಳಲ್ಲೊಂದಾದ ರಿಪ್‌ನ ಮೊದಲ ಆವೃತ್ತಿ ಮಾಸ್ಕ್ ಕಳಿಸುವುದೇ ಇಲ್ಲ. ಎಡಗಡೆ ಶಾಖೆಯಲ್ಲಿ 10.1.1.0/24, ಬಲಗಡೆ 10.1.2.0/24, ನಡುವಿನ ರೂಟರ್‌ಗೆ 192.168 ವಿಳಾಸದ ಲಿಂಕ್‌ಗಳಿವೆ ಎನ್ನಿ. ಎರಡೂ ಕಡೆಯವರು ನಡುವಿನ ರೂಟರ್‌ಗೆ ಹೇಳುವುದು ಒಂದೇ ಮಾತು: 10.0.0.0 ನನ್ನ ಹತ್ತಿರ ಇದೆ. ಆ ರೂಟರ್ ಇಬ್ಬರನ್ನೂ ನಂಬುತ್ತದೆ. ಕೆಲವು ಪ್ಯಾಕೆಟ್ ಸರಿಯಾದ ಕಡೆ ಹೋಗುತ್ತವೆ, ಕೆಲವು ಉಲ್ಟಾ ಕಡೆ ಹೋಗಿ ಸಾಯುತ್ತವೆ. ರಿಪ್ ಬೇಕೇ ಬೇಕು ಎಂದರೆ ಎರಡನೇ ಆವೃತ್ತಿ ಇದೆ, ಅದು ಮಾಸ್ಕ್ ಕಳಿಸುತ್ತದೆ. ಇಂಥದೇ ಬೇರೆ ಪ್ರೋಟೋಕಾಲ್‌ಗಳಾದ ಓಎಸ್‌ಪಿಎಫ್ ಮತ್ತು ಬಿಜಿಪಿ ನಾಲ್ಕನೇ ಆವೃತ್ತಿಗೆ ಈ ರೋಗವಿಲ್ಲ. ಹಳೆಯ ಸಿಸ್ಕೋ ರೂಟರ್‌ನಲ್ಲಿ ಇಐಜಿಆರ್‌ಪಿ ಎಂಬ ಪ್ರೋಟೋಕಾಲ್ ಇದ್ದರೆ ಆಟೋ ಸಮ್ಮರಿ (ತುಂಡುಗಳನ್ನು ತಾನೇ ಕ್ಲಾಸ್ ಗಡಿಗೆ ಒಟ್ಟುಗೂಡಿಸಿ ಹೇಳುವುದು) ಆಫ್ ಆಗಿದೆಯಾ ಎಂದು ನೋಡಿಕೊಳ್ಳಿ.

ಮಾತಿನಲ್ಲೂ ಒಂದು ಎಚ್ಚರ ಬೇಕು. ಅನುಭವಿಗಳೂ ಒಂದು /24 ಬೇಕು ಎನ್ನಲು "ಒಂದು ಕ್ಲಾಸ್ ಸಿ ಕೊಡಿ" ಅಂತಾರೆ. 10.5.6.0/24 ಕ್ಲಾಸ್ ಸಿ ಅಲ್ಲ. ಮೊದಲ ಆಕ್ಟೆಟ್ 10, ಹಾಗಾಗಿ ಅದು ಕ್ಲಾಸ್ ಎ, /24 ಆಗಿ ತುಂಡಾಗಿದೆ ಅಷ್ಟೇ. ಪರೀಕ್ಷೆಯಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಕ್ಲಾಸ್ ಹೇಳಬೇಕಾದರೆ ಮೊದಲ ಆಕ್ಟೆಟ್ ಮಾತ್ರ ನೋಡಿ, ಮಾಸ್ಕ್ ಕಡೆ ಕಣ್ಣು ಹಾಯಿಸಬೇಡಿ.

10, 172, 192: ಮೂರರಲ್ಲಿ ಯಾವುದು?

ನಿಜವಾದ ಆಯ್ಕೆ ಇಲ್ಲಿದೆ. 1996ರ ಫೆಬ್ರವರಿಯ ಆರ್‌ಎಫ್‌ಸಿ 1918 ಮೂರು ಗುಂಪುಗಳನ್ನು ಖಾಸಗಿ ಬಳಕೆಗೆ ಬಿಟ್ಟಿದೆ. ಕ್ಲಾಸ್ ಎಯಿಂದ ಒಂದು ನೆಟ್‌ವರ್ಕ್: 10.0.0.0/8. ಕ್ಲಾಸ್ ಬಿಯಿಂದ ಅಕ್ಕಪಕ್ಕದ 16: 172.16.0.0/12. ಕ್ಲಾಸ್ ಸಿಯಿಂದ ಅಕ್ಕಪಕ್ಕದ 256: 192.168.0.0/16. ಇವನ್ನು ಯಾರ ಅನುಮತಿಯೂ ಇಲ್ಲದೆ ಯಾರು ಬೇಕಾದರೂ ಒಳಗೆ ಬಳಸಬಹುದು. ಇಂಟರ್‌ನೆಟ್‌ಗೆ ಹೋಗುವಾಗ ರೂಟರ್‌ನ ನ್ಯಾಟ್ ಇವನ್ನು ಸಾರ್ವಜನಿಕ ವಿಳಾಸಕ್ಕೆ ಬದಲಾಯಿಸುತ್ತದೆ.

ಮೊದಲು ಒಂದು ತಪ್ಪು ಕಲ್ಪನೆ ತೆಗೆದುಹಾಕೋಣ. 10 ದೊಡ್ಡವರಿಗೆ, 192.168 ಚಿಕ್ಕವರಿಗೆ ಎಂಬ ನಿಯಮ ಎಲ್ಲೂ ಇಲ್ಲ. 10.37.4.0/28 ಎಂದು ಹದಿನಾಲ್ಕು ಸಾಧನಗಳ ನೆಟ್‌ವರ್ಕ್ ಮಾಡಬಹುದು. 192.168.8.0/21 ಎಂದು ಎರಡು ಸಾವಿರ ಸಾಧನಗಳದನ್ನೂ ಮಾಡಬಹುದು. ವೇಗದಲ್ಲಾಗಲಿ ಭದ್ರತೆಯಲ್ಲಾಗಲಿ ಮೂರಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆರಿಸುವಾಗ ಕೇಳಬೇಕಾದ್ದು ಒಂದೇ: ಈ ನೆಟ್‌ವರ್ಕ್ ಮುಂದೆ ಯಾವ ಯಾವ ನೆಟ್‌ವರ್ಕ್ ಜೊತೆ ಸೇರಬೇಕಾಗುತ್ತದೆ?

ಮನೆಗೆ 192.168 ಸಾಕು. ರೂಟರ್ ಡಬ್ಬಿ ಬಿಚ್ಚಿದಾಗಲೇ ಬಹುಪಾಲು ಅದರಲ್ಲೇ ಇರುತ್ತದೆ, ಬದಲಾಯಿಸುವ ಕಾರಣವಿಲ್ಲ. ಕಚೇರಿಗೆ ಬಂದರೆ ಇದೇ ಗುಣ ದೋಷವಾಗುತ್ತದೆ. ಕಚೇರಿಯಲ್ಲೂ 192.168.1.0/24, ಉದ್ಯೋಗಿಯ ಮನೆಯಲ್ಲೂ 192.168.1.0/24 ಎಂದಿಟ್ಟುಕೊಳ್ಳಿ. ಅವರು ಮನೆಯಿಂದ ವಿಪಿಎನ್ (ಹೊರಗಿನಿಂದ ಕಚೇರಿ ನೆಟ್‌ವರ್ಕ್‌ಗೆ ಸೇರಿಸುವ ಗುಪ್ತ ದಾರಿ) ಹಾಕಿ ಕಚೇರಿಯ 192.168.1.50 ಫೈಲ್ ಸರ್ವರ್ ತೆರೆಯಲು ನೋಡುತ್ತಾರೆ. ವಿಪಿಎನ್ ಕನೆಕ್ಟ್ ಆಗಿದೆ ಎಂದು ಹಸಿರು ದೀಪ ಉರಿಯುತ್ತಿದೆ. ಆದರೆ ಅವರ ಲ್ಯಾಪ್‌ಟಾಪ್ ಆ ವಿಳಾಸವನ್ನು ಮನೆಯೊಳಗೇ ಹುಡುಕುತ್ತದೆ. ಮನೆಯ ಪ್ರಿಂಟರ್‌ಗೆ ಅದೇ ವಿಳಾಸ ಇದ್ದರಂತೂ ಸರ್ವರ್ ಬದಲು ಪ್ರಿಂಟರ್ ಪುಟ ತೆರೆದುಕೊಳ್ಳುತ್ತದೆ! ಹಾಗಾಗಿ ಯಾರಾದರೂ ಹೊರಗಿನಿಂದ ಸೇರುವ ನೆಟ್‌ವರ್ಕ್‌ಗೆ 192.168.0 ಮತ್ತು 192.168.1 ಇಡಲೇಬೇಡಿ. 192.168 ಗುಂಪೇ ಬೇಕಿದ್ದರೆ 192.168.147ರಂಥ ಯಾರೂ ಸುಲಭಕ್ಕೆ ಆರಿಸದ ಸಂಖ್ಯೆ ತೆಗೆದುಕೊಳ್ಳಿ.

172 ಗುಂಪಿನ ಗುಣ ಎಂದರೆ ಜನ ಅದನ್ನು ಕಡಿಮೆ ಬಳಸುತ್ತಾರೆ, ಹಾಗಾಗಿ ಡಿಕ್ಕಿ ಕಡಿಮೆ. ತೊಂದರೆ ಅದರ ಗಡಿಯಲ್ಲಿ. ಖಾಸಗಿಯಾಗಿರುವುದು 172.16ರಿಂದ 172.31ರವರೆಗೆ ಮಾತ್ರ. 172.32 ಸಾರ್ವಜನಿಕ ವಿಳಾಸ, ಬೇರೆ ಯಾರದೋ ಸೊತ್ತು. 172 ಎಂದು ಕಂಡರೆ ಖಾಸಗಿ ಎಂದುಕೊಂಡು 172.50 ಒಳಗೆ ಹಾಕಿದರೆ, ಆ ವಿಳಾಸದಲ್ಲಿರುವ ನಿಜವಾದ ತಾಣಗಳು ನಿಮ್ಮವರಿಗೆ ಸಿಗುವುದೇ ಇಲ್ಲ. ಇನ್ನೊಂದು ಇದೆ. ಡಾಕರ್ (ಅಪ್ಲಿಕೇಶನ್‌ಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಓಡಿಸುವ ತಂತ್ರಾಂಶ) ಹಾಕಿದ ಸರ್ವರ್‌ನಲ್ಲಿ 172.17.0.0/16 ಎಂಬ ಒಳನೆಟ್‌ವರ್ಕ್ ತಾನಾಗಿ ಹುಟ್ಟುತ್ತದೆ. ನಿಮ್ಮ ಕಚೇರಿಯೂ 172.17ರಲ್ಲಿದ್ದರೆ ಆ ಸರ್ವರ್‌ನಿಂದ ಕಚೇರಿಗೆ ಉತ್ತರವೇ ಬರುವುದಿಲ್ಲ. ಪ್ಯಾಕೆಟ್ ಸರ್ವರ್ ತನಕ ಹೋಗುತ್ತದೆ, ಉತ್ತರ ಮಾತ್ರ ಡಾಕರ್ ಒಳಗೆ ಮಾಯ. ಇದನ್ನು ಹುಡುಕುವುದು ತಲೆನೋವಿನ ಕೆಲಸ, ಏಕೆಂದರೆ ಎಲ್ಲ ಕೇಬಲ್, ಎಲ್ಲ ಫೈರ್‌ವಾಲ್ ಸರಿಯಾಗೇ ಇರುತ್ತವೆ.

ಒಂದಕ್ಕಿಂತ ಜಾಸ್ತಿ ಕಟ್ಟಡ ಅಥವಾ ಶಾಖೆ ಇದ್ದರೆ ನನ್ನ ಓಟು 10ಕ್ಕೆ. ಕಾರಣ ಗಾತ್ರವಲ್ಲ. ಅದರಲ್ಲಿ ಮೂರು ಆಕ್ಟೆಟ್ ನಮ್ಮ ಕೈಯಲ್ಲಿರುತ್ತವೆ, ಅವಕ್ಕೆ ಅರ್ಥ ಕೊಡಬಹುದು. ಎರಡನೆಯದು ಶಾಖೆ, ಮೂರನೆಯದು ವಿಎಲ್‌ಎಎನ್ (ಅದೇ ಉಪಕರಣಗಳಲ್ಲಿ ಬೇರ್ಪಡಿಸಿಟ್ಟ ಒಳನೆಟ್‌ವರ್ಕ್), ನಾಲ್ಕನೆಯದು ಸಾಧನ. 10.37.20.14 ಎಂದು ಲಾಗ್‌ನಲ್ಲಿ ಕಂಡರೆ 37ನೇ ಶಾಖೆಯ 20ನೇ ವಿಎಲ್‌ಎಎನ್ ಎಂದು ಪಟ್ಟಿ ನೋಡದೆ ಗೊತ್ತಾಗುತ್ತದೆ. ರಾತ್ರಿ ಎರಡು ಗಂಟೆಗೆ ನೆಟ್‌ವರ್ಕ್ ಬಿದ್ದಾಗ ಇದರ ಬೆಲೆ ತಿಳಿಯುತ್ತದೆ. ಒಂದು ಮಾತು ಮಾತ್ರ: 10.0.0.0 ಅಥವಾ 10.1.0.0ದಿಂದ ಶುರು ಮಾಡಬೇಡಿ. ಎಲ್ಲರೂ ಅಲ್ಲಿಂದಲೇ ಶುರು ಮಾಡಿರುತ್ತಾರೆ. ಎರಡು ಸಂಸ್ಥೆಗಳು ಒಂದಾಗುವ ದಿನ ಎರಡೂ ಕಡೆ 10.1 ಇದ್ದರೆ, ಒಂದು ಕಡೆಯವರು ಎಲ್ಲ ವಿಳಾಸ ಬದಲಿಸಬೇಕು, ಇಲ್ಲವೇ ನಡುವೆ ಇನ್ನೊಂದು ನ್ಯಾಟ್ ಇಟ್ಟು ಒದ್ದಾಡಬೇಕು.

ಖಾಸಗಿ ಅನ್ನಿಸುವ ಇನ್ನೆರಡು ಗುಂಪುಗಳು ಕಣ್ಣಿಗೆ ಬೀಳುತ್ತವೆ. 100.64.0.0/10 ಇಂಟರ್‌ನೆಟ್ ಸೇವೆ ಕೊಡುವವರ ಒಳಬಳಕೆಗೆ 2012ರಲ್ಲಿ ಮೀಸಲಾದದ್ದು, ಅದಕ್ಕೆ ಕೈ ಹಾಕಬೇಡಿ. 169.254ರಿಂದ ಶುರುವಾಗುವ ವಿಳಾಸವನ್ನು ಯಾರೂ ಆರಿಸುವುದಿಲ್ಲ. ವಿಳಾಸ ತಾನಾಗಿ ಹಂಚುವ ಡಿಎಚ್‌ಸಿಪಿ ಸರ್ವರ್ ಸಿಗದಿದ್ದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ವಿಳಾಸ ಅದು. ಅದು ಕಂಡರೆ ಡಿಎಚ್‌ಸಿಪಿ ಕಡೆ ಓಡಿ.

ಎಷ್ಟು ದೊಡ್ಡ ತುಂಡು?

ಗುಂಪು ಆರಿಸಿದ ಮೇಲೆ ಗಾತ್ರ. 10 ತೆಗೆದುಕೊಂಡೆವು ಎಂದು ಇಡೀ /8 ಅನ್ನು ಒಂದೇ ನೆಟ್‌ವರ್ಕ್ ಮಾಡುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಒಂದು ಸಬ್‌ನೆಟ್‌ನಲ್ಲಿ ಸಾಧನ ಜಾಸ್ತಿಯಾದಷ್ಟೂ ಬ್ರಾಡ್‌ಕಾಸ್ಟ್ ಜಾಸ್ತಿ. ಯಾವ ವಿಳಾಸ ಯಾರದು ಎಂದು ಕೇಳುವ ಪ್ರತಿ ಎಆರ್‌ಪಿ ಪ್ರಶ್ನೆ ಪ್ರತಿ ಸಾಧನಕ್ಕೂ ತಲುಪುತ್ತದೆ. ಜೊತೆಗೆ ಒಂದು ಕಂಪ್ಯೂಟರ್‌ಗೆ ವೈರಸ್ ಹೊಕ್ಕರೆ ಅದಕ್ಕೆ ಅಡ್ಡ ಬರುವ ಗೋಡೆಯೇ ಇರುವುದಿಲ್ಲ.

ತಂತಿಯ ನೆಟ್‌ವರ್ಕ್‌ಗೆ /24ರಿಂದ ಶುರು ಮಾಡಿ. 254 ಸಾಕಾಗದಿದ್ದರೆ /23 ಮಾಡುವ ಮುಂಚೆ ಇನ್ನೊಂದು ವಿಎಲ್‌ಎಎನ್ ಮಾಡಿ ಎನ್ನುವವನು ನಾನು. ವೈಫೈ ಬೇರೆ ಲೆಕ್ಕ. ಜನ ಓಡಾಡುತ್ತಾರೆ, ಒಬ್ಬೊಬ್ಬರ ಕೈಲಿ ಎರಡು ಮೂರು ಸಾಧನ. ಅಲ್ಲಿ /23 ಅಥವಾ /22 ಸರಿ. ಅತಿಥಿಗಳ ವೈಫೈನಲ್ಲಿ ಡಿಎಚ್‌ಸಿಪಿ ಲೀಸ್ ಅವಧಿಯೂ ಮುಖ್ಯ. ಬಂದವರು ಒಂದು ಗಂಟೆ ಇದ್ದು ಹೋಗುತ್ತಾರೆ, ವಿಳಾಸ ಮಾತ್ರ ವಾರಗಟ್ಟಲೆ ಅವರ ಹೆಸರಲ್ಲೇ ಇದ್ದರೆ ಎಷ್ಟು ದೊಡ್ಡ ಸಬ್‌ನೆಟ್ ಕೊಟ್ಟರೂ ಮುಗಿಯುತ್ತದೆ. ಲೀಸ್ ಒಂದೆರಡು ಗಂಟೆಗೆ ಇಳಿಸಿದರೆ /24 ಕೂಡ ಸಾಕಾಗಬಹುದು.

ಎರಡು ರೂಟರ್‌ಗಳ ನಡುವಿನ ಲಿಂಕ್‌ಗೆ /30. ನಾಲ್ಕು ವಿಳಾಸ, ಬಳಕೆಗೆ ಎರಡು. 2000ದಲ್ಲಿ ಬಂದ ಆರ್‌ಎಫ್‌ಸಿ 3021 ಇಂಥ ಲಿಂಕ್‌ಗೆ /31 ಬಳಸಲೂ ಅವಕಾಶ ಕೊಟ್ಟಿದೆ. ಎರಡೇ ತುದಿ ಇರುವ ಕಡೆ ಬ್ರಾಡ್‌ಕಾಸ್ಟ್ ಯಾಕೆ ಬೇಕು, ಅಲ್ವಾ? ಎರಡೂ ರೂಟರ್‌ಗಳು ಒಪ್ಪಿದರೆ /31 ಹಾಕಿ. ಕ್ಲೌಡ್‌ನಲ್ಲಾದರೆ ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಅಮೆಜಾನ್‌ನ ಎಡಬ್ಲ್ಯುಎಸ್ ಪ್ರತಿ ಸಬ್‌ನೆಟ್‌ನಲ್ಲಿ ಎರಡಲ್ಲ, ಐದು ವಿಳಾಸ ತಾನು ಇಟ್ಟುಕೊಳ್ಳುತ್ತದೆ. ಅಲ್ಲಿ ಸಿಗುವ ಅತಿ ಚಿಕ್ಕದಾದ /28ರಲ್ಲಿ ನಿಮಗೆ ಉಳಿಯುವುದು 11.

ಎಲ್ಲ ಸಬ್‌ನೆಟ್‌ಗಳನ್ನೂ ಒಂದೇ ಗಾತ್ರ ಮಾಡುವುದೋ, ಅಗತ್ಯಕ್ಕೆ ತಕ್ಕಂತೆ ಬೇರೆ ಬೇರೆ ಮಾಡುವುದೋ? ಜಾಗ ಧಾರಾಳವಾಗಿದ್ದರೆ ಒಂದೇ ಗಾತ್ರ ಒಳ್ಳೆಯದು. ಎಲ್ಲ ಕಡೆ /24 ಇದ್ದರೆ ಲೆಕ್ಕ ತಪ್ಪುವುದಿಲ್ಲ. ಜಾಗ ಬಿಗಿಯಾಗಿದ್ದರೆ ಬೇರೆ ಬೇರೆ ಗಾತ್ರ. ಒಂದು ಶಾಖೆಗೆ 10.20.0.0/22 ಮಾತ್ರ ಸಿಕ್ಕಿದೆ ಎನ್ನಿ. ವೈಫೈಗೆ 400 ಸಾಧನ, ಕಂಪ್ಯೂಟರ್ 100, ಪ್ರಿಂಟರ್ ಮತ್ತು ಫೋನ್ 50, ಕ್ಯಾಮೆರಾ 25, ಒಂದು ರೂಟರ್ ಲಿಂಕ್. ಯಾವಾಗಲೂ ದೊಡ್ಡದರಿಂದ ಶುರು ಮಾಡಿ. ವೈಫೈಗೆ 10.20.0.0/23, 510 ಹಿಡಿಯುತ್ತದೆ. ಕಂಪ್ಯೂಟರ್‌ಗೆ 10.20.2.0/25, 126. ಪ್ರಿಂಟರ್ ಮತ್ತು ಫೋನ್‌ಗೆ 10.20.2.128/26, 62. ಕ್ಯಾಮೆರಾಗೆ 10.20.2.192/27, 30. ಲಿಂಕ್‌ಗೆ 10.20.2.224/30. ಇಷ್ಟಾದ ಮೇಲೂ 10.20.3.0/24 ಇಡಿಯಾಗಿ ನಾಳೆಗೆ ಉಳಿಯಿತು. ಇದನ್ನೇ ಚಿಕ್ಕದರಿಂದ ಶುರು ಮಾಡಿ ನೋಡಿ. ಲಿಂಕ್‌ಗೆ ಮೊದಲ ನಾಲ್ಕು ವಿಳಾಸ ಕೊಟ್ಟ ಕೂಡಲೇ ವೈಫೈನ /23 ಮೊದಲರ್ಧದಲ್ಲಿ ಕೂರುವುದಿಲ್ಲ, ನಡುನಡುವೆ ತೂತು ಬೀಳುತ್ತವೆ.

ಬೆಳವಣಿಗೆಗೆ ನಾನು ಹೇಳುವ ಲೆಕ್ಕ ಸರಳ. ಇವತ್ತಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಅದು ಹಿಡಿಯುವ ಅತಿ ಚಿಕ್ಕ ಸಬ್‌ನೆಟ್ ಆರಿಸಿ. ಶುರುವಿನ 150 ಕಂಪ್ಯೂಟರ್ 300 ಆಗುತ್ತವೆ. ಅದನ್ನು ಹಿಡಿಯುವುದು /23, ಆದರೆ ಮೇಲೆ ಹೇಳಿದಂತೆ ಅದರ ಬದಲು ಎರಡು ವಿಎಲ್‌ಎಎನ್, ಎರಡು /24. ಎರಡನೆಯದನ್ನು ಇವತ್ತು ಬಳಸದಿದ್ದರೂ ಪಕ್ಕದಲ್ಲೇ ಖಾಲಿ ಬಿಟ್ಟಿಡಿ. ಮೇಲಿನ ಶಾಖೆಯಂತೆ ಜಾಗ ಬಿಗಿಯಾಗಿದ್ದಾಗ ಈ ಲೆಕ್ಕ ನಡೆಯದು, ಆಗ ಕೊನೆಯ ತುಂಡನ್ನು ಕಾಯ್ದಿಡುವುದೇ ದಾರಿ.

ಡಿ, ಇ ಮತ್ತು ಮುಂದಿನದು

ಕ್ಲಾಸ್ ಡಿ ಸಾಧನಕ್ಕೆ ಕೊಡುವ ವಿಳಾಸವಲ್ಲ. ಒಂದೇ ಮಾಹಿತಿಯನ್ನು ಬೇಕು ಎಂದವರಿಗೆಲ್ಲ ಒಟ್ಟಿಗೆ ಕಳಿಸುವ ಮಲ್ಟಿಕಾಸ್ಟ್‌ಗೆ ಅದು. ಓಎಸ್‌ಪಿಎಫ್ ರೂಟರ್‌ಗಳು 224.0.0.5ರಲ್ಲಿ ಮಾತಾಡಿಕೊಳ್ಳುತ್ತವೆ. ಫೋನ್ ತಾನೇ ಪ್ರಿಂಟರ್ ಹುಡುಕಿಕೊಳ್ಳುವುದರ ಹಿಂದೆ ಬಹಳ ಸಲ 224.0.0.251 ಇರುತ್ತದೆ. ನಿಮ್ಮ ಸಂಸ್ಥೆಯೊಳಗೆ ವಿಡಿಯೋ ಹಂಚಲು ಮಲ್ಟಿಕಾಸ್ಟ್ ಬೇಕಾದರೆ 239ರಿಂದ ಶುರುವಾಗುವ ವಿಳಾಸ ಆರಿಸಿ, ಅದು ಒಳಬಳಕೆಗೇ ಇದೆ. ಕ್ಲಾಸ್ ಇ ಮುಂದೆಂದಾದರೂ ಬೇಕಾದೀತು ಎಂದು ಎತ್ತಿಟ್ಟದ್ದು. ನೆಟ್‌ವರ್ಕ್ ಪ್ಲಾನ್‌ನಲ್ಲಿ ಅದಕ್ಕೆ ಜಾಗವಿಲ್ಲ. 255.255.255.255 ಮಾತ್ರ ಬ್ರಾಡ್‌ಕಾಸ್ಟ್ ಆಗಿ ದಿನಾ ದುಡಿಯುತ್ತದೆ.

ಸೈಡರ್, ನ್ಯಾಟ್ ಇಷ್ಟೆಲ್ಲ ಬಂದರೂ ವಿಳಾಸ ಮುಗಿಯುವುದು ತಪ್ಪಲಿಲ್ಲ. 2011ರ ಫೆಬ್ರವರಿ 3ರಂದು ಜಾಗತಿಕ ಸಂಗ್ರಹದ ಕೊನೆಯ ಐದು /8ಗಳನ್ನೂ ಹಂಚಿ ಮುಗಿಸಿದರು. ಹಾಗಾಗಿ ಈಗ ಹೊಸದಾಗಿ ಪ್ಲಾನ್ ಮಾಡುವವರು ಐಪಿಯ ಆರನೇ ಆವೃತ್ತಿಯಾದ ಐಪಿವಿ6 ಅನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಅಲ್ಲಿ ಕ್ಲಾಸ್ ಇಲ್ಲ, ಸಾಧನ ಎಣಿಸುವ ಕೆಲಸವೂ ಇಲ್ಲ. ಪ್ರತಿ ಸಬ್‌ನೆಟ್‌ಗೆ /64, ಅದರಲ್ಲಿ ಎಷ್ಟು ಸಾಧನವಿದ್ದರೂ ವಿಳಾಸದ ಕೊರತೆ ಆಗುವುದಿಲ್ಲ. ಎಣಿಸಬೇಕಾದ್ದು ಸಬ್‌ನೆಟ್‌ಗಳನ್ನು. ಸೇವೆ ಕೊಡುವವರಿಂದ /56 ಸಿಕ್ಕರೆ 256 ಸಬ್‌ನೆಟ್, /48 ಸಿಕ್ಕರೆ 65,536. ಹಲವು ಶಾಖೆ ಇರುವವರು /48 ಕೇಳಿ ಪಡೆಯಿರಿ. 10ರ ಪ್ಲಾನ್‌ನಲ್ಲಿ ಕೊಟ್ಟ ಶಾಖೆ ಸಂಖ್ಯೆ, ವಿಎಲ್‌ಎಎನ್ ಸಂಖ್ಯೆ ಎರಡೂ ಅದರ ಹದಿನಾರು ಸಬ್‌ನೆಟ್ ಬಿಟ್‌ಗಳಲ್ಲಿ ಎಂಟೆಂಟರಂತೆ ಸರಿಯಾಗಿ ಕೂರುತ್ತವೆ.